ಸೈಟ್ ಮಾರೋಕೆ ಒಂದು ವೆಬ್‌ಸೈಟ್: ದಾವಣಗೆರೆಯಲ್ಲಿ ನನ್ನ ಅನುಭವ

ನಾನು ಸೈಟ್ ಬ್ರೋಕರ್. ಕಳೆದ ವರ್ಷ ನಾನು ಮುಗಿಸಿದ ವ್ಯವಹಾರ ಮೂವತ್ತರ ಆಸುಪಾಸು. ಅದರಲ್ಲಿ ಹನ್ನೊಂದೋ ಹನ್ನೆರಡೋ ಗೂಗಲ್ ಹುಡುಕಾಟದಿಂದ ಬಂದವು. ಪೋರ್ಟಲ್‌ಗೆ ದುಡ್ಡು ಕಟ್ಟಿದ್ದಲ್ಲ, ಜಾಹೀರಾತು ಕೊಟ್ಟಿದ್ದಲ್ಲ. ಜನ ಹುಡುಕಿದರು, ನನ್ನ ಪುಟ ಸಿಕ್ಕಿತು, ಫೋನ್ ಮಾಡಿದರು.

ಇಷ್ಟು ದಿನ ಬಿಟ್ಟು ಈಗ ಬರೆಯೋಕೆ ಕಾರಣ ಇದೆ. ಪಿ.ಬಿ. ರಸ್ತೆಯ ಚಹಾ ಅಂಗಡಿಯಲ್ಲಿ ನಮ್ಮ ಹಿರಿಯ ಬ್ರೋಕರ್ ಒಬ್ಬರು ಎಲ್ಲರ ಮುಂದೆ ಹೇಳಿದ್ದರು: "ತಮ್ಮಾ, ಅದೆಲ್ಲಾ ಬೆಂಗ್ಳೂರಿಗೆ ಸರಿ. ನಮ್ಮೂರಾಗ ಸೈಟ್ ಮಾರಾದು ಬಾಯಿಂದ, ಕಂಪ್ಯೂಟರಿಂದಲ್ಲ." ಅವತ್ತು ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಯಾಕೆಂದರೆ ಆಗಲೇ ಒಂದು ಲಕ್ಷದ ಮೇಲೆ ಕಳೆದುಕೊಂಡು ಕೂತಿದ್ದೆ.

ಆ ಲಕ್ಷದ ಕಥೆ ಮೊದಲು. 2019ರಲ್ಲಿ ಹೊರಗಿನ ಒಂದು ಕಂಪನಿಗೆ ಕೆಲಸ ಕೊಟ್ಟೆ. ವೆಬ್‌ಸೈಟ್ ಮಾಡೋಕೆ 35 ಸಾವಿರ, ಆಮೇಲೆ ತಿಂಗಳಿಗೆ 12 ಸಾವಿರ. ಏಳು ತಿಂಗಳು ಕಟ್ಟಿದೆ. ಪ್ರತಿ ತಿಂಗಳು ಹಸಿರು ಬಾಣಗಳಿರುವ ರಿಪೋರ್ಟ್ ಬರುತ್ತಿತ್ತು. 'ಲಕ್ಸುರಿ ವಿಲ್ಲಾ ಪ್ಲಾಟ್ಸ್' ಅನ್ನೋದಕ್ಕೆ ನಾನು ಮೂರನೇ ಜಾಗದಲ್ಲಿದ್ದೇನಂತೆ. ನಮ್ಮೂರಲ್ಲಿ ಯಾರು ಸ್ವಾಮಿ ಪ್ಲಾಟ್ ಅನ್ನೋದು? ಎಲ್ಲರೂ ಸೈಟ್ ಅಂತಾರೆ. 30×40 ಅಂತಾರೆ, ಕಾರ್ನರ್ ಸೈಟ್ ಅಂತಾರೆ. ಯಾರೂ ಹುಡುಕದ ಮಾತಿಗೆ ಮೂರನೇ ಜಾಗ ಏನು, ಮೊದಲನೇ ಜಾಗ ಸಿಕ್ಕರೂ ಅಷ್ಟೇ. ಓದುಗರಿಗೆ ಕಾಣದ ಹಾಗೆ ಪುಟದ ಒಳಗೆ ಮೆಟಾ ಕೀವರ್ಡ್ ಅಂತ ಅರವತ್ತು ಪದ ತುರುಕಿದ್ದರು. ಅದನ್ನು ನೋಡೋದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿತ್ತು. ಏಳು ತಿಂಗಳಲ್ಲಿ ಬಂದ ಫೋನ್ ನಾಲ್ಕು. ಅದರಲ್ಲಿ ಎರಡು ಸಾಲ ಬೇಕಾ ಅಂತ ಕೇಳಿದ್ದು.

ಅದನ್ನು ಬಿಟ್ಟು, ಗೂಗಲ್ ಬಿಸಿನೆಸ್ ಖಾತೆಯ ಜೊತೆ ಪುಕ್ಕಟೆ ಸಿಗುತ್ತಿದ್ದ ಒಂದು ಪುಟದ ವೆಬ್‌ಸೈಟ್ ಇಟ್ಟುಕೊಂಡೆ. ಆ ಸವಲತ್ತನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಅಷ್ಟರಲ್ಲಿ ನಾನು ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಕಲಿತು ನನ್ನದೇ ಮಾಡಿಕೊಂಡಿದ್ದೆ, ಬಚಾವಾದೆ. ವಿಸಿಟಿಂಗ್ ಕಾರ್ಡ್ ಮೇಲೆ ಹಳೇ ವಿಳಾಸ ಅಚ್ಚು ಹಾಕಿಸಿದ್ದ ಗೆಳೆಯರು ಪೇಚಾಡಿದರು.

ನನ್ನದೇ ಅಂದೆ, ಆದರೆ ಮೊದಲ ಎಡವಟ್ಟೂ ನನ್ನದೇ. ಬರಹವೆಲ್ಲ ಕನ್ನಡದಲ್ಲಿರಬೇಕು ಅಂತ ಹಟ ಹಿಡಿದೆ. ಪರಿಚಯದ ಡಿಟಿಪಿ ಹುಡುಗನಿಗೆ ಹದಿನಾಲ್ಕು ಪುಟ ಕೊಟ್ಟೆ. ಅವನು ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಕೊಟ್ಟ. ನನ್ನ ಆಫೀಸ್ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇತ್ತು, ಎಲ್ಲ ಚೆಂದ ಕಂಡಿತು. ಎರಡು ತಿಂಗಳಾದ ಮೇಲೆ ಬೆಂಗಳೂರಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣಾ, ನಿನ್ನ ವೆಬ್‌ಸೈಟ್ ಯಾರೋ ಹ್ಯಾಕ್ ಮಾಡಿದಾರೆ ನೋಡು, ಬರೀ ಇಂಗ್ಲಿಷ್ ಕಸ ಬರ್ತಾ ಐತಿ." ಹ್ಯಾಕೂ ಇಲ್ಲ ಏನೂ ಇಲ್ಲ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲದ ಅಕ್ಷರ ಫಾಂಟ್ ಇಲ್ಲದ ಕಡೆ ಹಾಗೇ ಕಾಣುತ್ತದೆ. ಗೂಗಲ್‌ಗೂ ಅದು ಕಸವೇ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದೆ, ಆಗ ಅರ್ಕಾವೊತ್ತು ಜಾಗ ಬಿಟ್ಟು ಹಾರಿತು. 'ಮಾರ್ಗ', 'ನಿರ್ಮಾಣ' ಕೆಟ್ಟರೆ ಕೆಡಲಿ ಅನ್ನಬಹುದು. 'ಪೂರ್ವ' ಕೆಟ್ಟಿತಲ್ಲ! ಪೂರ್ವ ದಿಕ್ಕಿನ ಸೈಟ್ ಅನ್ನೋ ಮಾತೇ ಇಲ್ಲದ ಮೇಲೆ ನಮ್ಮ ವ್ಯಾಪಾರದಲ್ಲಿ ಉಳಿದಿದ್ದೇನು? ಮೂರು ರಾತ್ರಿ ಕೂತು ಕೈಯಲ್ಲೇ ತಿದ್ದಿದೆ.

ಆಮೇಲೆ ಪುಟದ ವಿಳಾಸವನ್ನೂ ಕನ್ನಡದಲ್ಲೇ ಇಟ್ಟೆ. ಬ್ರೌಸರ್‌ನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ವಾಟ್ಸಾಪ್‌ಗೆ ಕಾಪಿ ಮಾಡಿ ಹಾಕಿದ ಕೂಡಲೇ ಉದ್ದದ ಬಾಲ. ಕನ್ನಡದ ಒಂದೊಂದು ಸಂಕೇತವೂ ಅಲ್ಲಿ ಒಂಬತ್ತು ಅಕ್ಷರ ಆಗುತ್ತದೆ, ಕಾಗುಣಿತದ ಗುರುತೂ ಬೇರೆ ಸಂಕೇತ ಅಂತಲೇ ಲೆಕ್ಕ. 'ದಾವಣಗೆರೆ' ಅನ್ನೋ ಒಂದೇ ಪದ 72 ಅಕ್ಷರ ಆಯ್ತು. ಗಿರಾಕಿಯೊಬ್ಬರು "ಇದೇನು ವೈರಸ್ಸಾ?" ಅಂತ ತೆರೆಯಲೇ ಇಲ್ಲ. ಈಗ ಬರಹ ಕನ್ನಡ, ವಿಳಾಸ ಇಂಗ್ಲಿಷ್ ಅಕ್ಷರ. ಗೂಗಲ್‌ಗೆ ಎರಡೂ ಒಂದೇ, ಗಿರಾಕಿಗೆ ಒಂದಲ್ಲ.

ಊರಿನ ಹೆಸರಿನದೂ ಒಂದು ಗೋಳು. ಇಂಗ್ಲಿಷ್‌ನಲ್ಲಿ 'ಣ' ಆದ ಮೇಲೆ 'ಎ' ಹಾಕುವವರು, ಹಾಕದವರು ಎರಡೂ ಥರ ಇದ್ದಾರೆ. ಜನ ಏನು ಹುಡುಕಿ ಬಂದರು ಅಂತ ಗೂಗಲ್ ತೋರಿಸುವ ಸರ್ಚ್ ಕನ್ಸೋಲ್ ನೋಡಿದರೆ ಹಾಕದವರೇ ಜಾಸ್ತಿ. ಶೀರ್ಷಿಕೆಯಲ್ಲಿ ಒಂದು, ಒಳಗಿನ ಬರಹದಲ್ಲಿ ಇನ್ನೊಂದು ಬಳಸುತ್ತೇನೆ. ಇನ್ನೊಂದು ತಮಾಷೆ. ದಾವಣಗೆರೆ ಸೈಟ್ ಅಂತ ಮೊದಲು ಬರೆದಿದ್ದಕ್ಕೆ ಪಾಲಿಕೆಯ ವೆಬ್‌ಸೈಟ್ ಹುಡುಕುವವರೆಲ್ಲ ನನ್ನ ಪುಟಕ್ಕೆ ಬಂದರು. ಕಂದಾಯ ಕಟ್ಟೋದು ಎಲ್ಲಿ ಅಂತ ಫೋನ್ ಬೇರೆ. ಅಳತೆ, ರೇಟ್, ಮಾರಾಟ ಈ ಮೂರರಲ್ಲಿ ಒಂದಾದರೂ ಜೊತೆಗೆ ಸೇರಿಸಿದ ಮೇಲೆ ಅದು ನಿಂತಿತು.

ಮುಂದಿನದು ಆಸೆಬುರುಕತನ. ಹರಿಹರ, ಬಾತಿ, ಆವರಗೆರೆ, ಹದಡಿ, ಅತ್ತ ಚಿತ್ರದುರ್ಗ, ಹಿರಿಯೂರು ಅಂತ ನಲವತ್ತು ಪುಟ ಮಾಡಿದೆ. ಬರಹ ಒಂದೇ, ಊರಿನ ಹೆಸರು ಮಾತ್ರ ಬೇರೆ. ಒಂದು ಭಾನುವಾರದಲ್ಲಿ ಮುಗಿಯಿತು. ಗೂಗಲ್ ಅವನ್ನು ನೋಡಿತು, ಆದರೆ ಪಟ್ಟಿಗೆ ಸೇರಿಸಲಿಲ್ಲ. 'ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್' ಅಂತ ಮೂವತ್ತೈದು ಪುಟ ಹಾಗೇ ಕೂತವು. ಎಂಟು ತಿಂಗಳು ಕಾದು ಎಲ್ಲ ಅಳಿಸಿದೆ. ಅಳಿಸಿದ ಒಂದೂವರೆ ತಿಂಗಳಿಗೆ ಉಳಿದ ಪುಟಗಳು ಸ್ವಲ್ಪ ಮೇಲೆ ಬಂದವು. ಅದಕ್ಕೇ ಬಂದವೋ ಕಾಕತಾಳೀಯವೋ, ನಾನಂತೂ ಅಳಿಸಿದ್ದಕ್ಕೆ ಅಂತಲೇ ನಂಬಿದ್ದೇನೆ.

ಇನ್ನು ಕೆಲಸ ಮಾಡಿದ್ದಕ್ಕೆ ಬರುತ್ತೇನೆ. ಒಂದು ಲೇಔಟ್‌ಗೆ ಒಂದು ಪುಟ. ವಿದ್ಯಾನಗರದಂಥ ಇಡೀ ಬಡಾವಣೆಗೆ ಅಲ್ಲ, ಊರಿಗೆ ಅಲ್ಲ, ಒಂದು ಜಮೀನನ್ನು ಸೈಟ್ ಮಾಡಿ ಹಂಚಿದ ಲೇಔಟ್‌ಗೆ. ವಿದ್ಯಾನಗರ ಸೈಟ್ ಅಂದರೆ ದೊಡ್ಡ ಪೋರ್ಟಲ್‌ಗಳು ಮುಂದೆ ನಿಂತಿರುತ್ತವೆ, ನಾನು ಅಲ್ಲಾಡಿಸೋಕೆ ಆಗಲ್ಲ. ಶಾಮನೂರು ರಸ್ತೆಯ ಕಡೆ ಯಾವುದೋ ಒಂದು ಲೇಔಟಿನ ಹೆಸರು ಹಾಕಿ ಹುಡುಕಿ ನೋಡಿ, ಅಲ್ಲಿ ಯಾರೂ ಇಲ್ಲ. ಆ ಹೆಸರನ್ನು ತಿಂಗಳಿಗೆ ಹದಿನೈದು ಇಪ್ಪತ್ತು ಜನ ಹುಡುಕಬಹುದು, ಅಷ್ಟೇ. ಆದರೆ ಆ ಹದಿನೈದು ಜನ ಸೈಟ್ ನೋಡಿಕೊಂಡು ಬಂದವರು, ಅಡ್ವಾನ್ಸ್ ಕೊಡೋ ಮೊದಲು ಮನೆಯಲ್ಲಿ ಕೂತು ವಿಚಾರಿಸುತ್ತಿರುವವರು. ಸರ್ವೆ ನಂಬರ್ ಹಾಕಿ ಹುಡುಕುವವರೂ ಇದ್ದಾರೆ. ಅಂಥವರು ಸುಮ್ನೆ ಹುಡುಕೋದಿಲ್ಲ.

ಪುಟದಲ್ಲಿ ಏನು ಬರೆಯಬೇಕು ಅನ್ನೋದನ್ನು ನಾನು ಯಾವ ಟೂಲ್‌ನಿಂದಲೂ ತೆಗೆದಿಲ್ಲ. ಆಫೀಸಿನಲ್ಲಿ ಒಂದು ಉದ್ದ ನೋಟ್‌ಬುಕ್ ಇಟ್ಟೆ. ಗಿರಾಕಿ ಬಾಯಿಂದ ಬಂದ ಪ್ರಶ್ನೆ, ಬಂದ ಹಾಗೇ. ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅಪ್ರೂವಲ್ ಐತಾ? ಎ ಖಾತಾನಾ ಬಿ ಖಾತಾನಾ? ಪಂಚಾಯ್ತಿ ಆದ್ರೆ 9-11 (ಪಂಚಾಯ್ತಿ ಕೊಡೋ ನಮೂನೆ 9, 11) ಐತಾ? ರಸ್ತೆ ಮೂವತ್ತು ಅಡಿನಾ ನಲವತ್ತಾ? ನೀರು ಬೋರಿಂದಾ ಪಾಲಿಕೆದಾ? ಹೈಟೆನ್ಷನ್ ಲೈನ್ ಎಷ್ಟು ದೂರ? ಬ್ಯಾಂಕ್‌ನೋರು ಲೋನ್ ಕೊಡ್ತಾರಾ? ಆರು ತಿಂಗಳಲ್ಲಿ ಇನ್ನೂರು ಚಿಲ್ಲರೆ ಪ್ರಶ್ನೆ ಆಯ್ತು, ಬಹುಪಾಲು ಅವವೇ ಮತ್ತೆ ಮತ್ತೆ. ಅವೇ ನನ್ನ ಉಪಶೀರ್ಷಿಕೆಗಳು. ಉತ್ತರ ಎರಡು ಸಾಲು. ಇಲ್ಲ ಅನ್ನೋದಿದ್ದರೆ ಇಲ್ಲ ಅಂತಲೇ ಬರೆದೆ. "ಒಳಚರಂಡಿ ಇನ್ನೂ ಬಂದಿಲ್ಲ" ಅಂತ ಬರೆದಿದ್ದಕ್ಕೆ ಲೇಔಟ್ ಮಾಲೀಕರು ಕೂಗಾಡಿದರು. ಅದೇ ಪುಟದಿಂದ ಅವರ ಎರಡು ಸೈಟ್ ಹೋದ ಮೇಲೆ ಸುಮ್ಮನಾದರು.

ಫೋಟೋ ವಿಷಯದಲ್ಲಿ ನನ್ನದೊಂದು ಹುಚ್ಚು. ಬ್ರೋಷರ್ ಚಿತ್ರ ಹಾಕೋದು ಬಿಟ್ಟೆ. ಒಂದೊಂದು ನಾಲ್ಕು ಎಂಬಿ ಇರುತ್ತಿತ್ತು, ಮೊಬೈಲ್‌ನಲ್ಲಿ ಪುಟ ತೆರೆಯೋಕೆ ಹತ್ತು ಸೆಕೆಂಡ್. ದೊಡ್ಡ ಚಿತ್ರ ಎರಡೂವರೆ ಸೆಕೆಂಡಿನೊಳಗೆ ಬರಬೇಕು ಅನ್ನೋದು ಗೂಗಲ್ ಹೇಳುವ ಲೆಕ್ಕ. ವೆಬ್‌ಪಿ ಅನ್ನೋ ಹಗುರ ಚಿತ್ರದ ರೂಪಕ್ಕೆ ಬದಲಿಸಿ ನೂರು ಕೆಬಿ ಒಳಗೆ ತಂದೆ. ಜೊತೆಗೆ ದೊಡ್ಡ ಮಳೆ ಬಂದ ಮರುದಿನ ಬೆಳಗ್ಗೆ ಬೈಕ್ ತಗೊಂಡು ಲೇಔಟ್‌ಗೆ ಹೋಗುತ್ತೇನೆ. ಕಪ್ಪು ಮಣ್ಣಿನ ಕಡೆ ನೀರು ಎಲ್ಲಿ ನಿಲ್ಲುತ್ತದೆ, ರಸ್ತೆ ಎಷ್ಟು ಕೆಸರಾಗುತ್ತದೆ, ಅದನ್ನೇ ತೆಗೆದು ದಿನಾಂಕದ ಜೊತೆ ಹಾಕುತ್ತೇನೆ. ಒಂದು ಸಲ ಚಪ್ಪಲಿ ಅಲ್ಲೇ ಹೂತು ಬರಿಗಾಲಲ್ಲಿ ಬಂದಿದ್ದೇನೆ. ಆದರೆ ಬೆಂಗಳೂರಲ್ಲೋ ದುಬೈನಲ್ಲೋ ಕೂತು ಊರಲ್ಲಿ ಸೈಟ್ ಹುಡುಕುವವರು ಈ ಫೋಟೋ ನೋಡಿಯೇ ಫೋನ್ ಮಾಡಿದ್ದಾರೆ. ಫೋಟೋಗೆ ಜಿಯೋಟ್ಯಾಗ್ (ತೆಗೆದ ಜಾಗದ ಗುರುತು) ಹಾಕಿದರೆ ಮೇಲೆ ಬರುತ್ತೆ ಅಂತ ಯಾರೋ ಹೇಳಿದ್ದನ್ನು ಮೂರು ತಿಂಗಳು ಮಾಡಿ ನೋಡಿದೆ. ಕೂದಲಷ್ಟೂ ವ್ಯತ್ಯಾಸ ಆಗಲಿಲ್ಲ.

ಮಾರಾಟವಾದ ಸೈಟಿನ ಪುಟ ಅಳಿಸಬೇಡಿ. ನಾನು ಮೊದಲು ಅಳಿಸುತ್ತಿದ್ದೆ, ಕಟ್ಟಿದ ಗೂಡು ನಾನೇ ಕೆಡವಿದ ಹಾಗೆ. ಈಗ 'ಮಾರಾಟವಾಗಿದೆ' ಅಂತ ಹಾಕಿ, ಅದೇ ಲೇಔಟಿನ ಉಳಿದ ಸೈಟ್‌ಗಳ ಕೊಂಡಿ ಕೊಡುತ್ತೇನೆ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇಲ್ಲದ ಲೇಔಟ್‌ಗೆ ಪುಟ ಮಾಡೋದಿಲ್ಲ. 500 ಚದರ ಮೀಟರ್ ಮೀರಿದ ಲೇಔಟ್ ನೋಂದಣಿ ಇಲ್ಲದೆ ಜಾಹೀರಾತು ಮಾಡುವಂತಿಲ್ಲ, ಏಜೆಂಟ್ ಆಗಿ ನಾವು ಮಾರಿಸುವಂತೆಯೂ ಇಲ್ಲ. ಇದು ನಿಮಗೆಲ್ಲ ಗೊತ್ತಿರೋದೇ. ಆದರೆ ನಂಬರ್ ಅನ್ನು ಚಿತ್ರದೊಳಗೆ ಹಾಕದೆ ಅಕ್ಷರದಲ್ಲೇ ಬರೆಯಿರಿ. ಆ ನಂಬರನ್ನೇ ಗೂಗಲ್‌ಗೆ ಹಾಕಿ ನೋಡುವವರು ಇದ್ದಾರೆ.

ಗೂಗಲ್ ಮ್ಯಾಪ್ ಖಾತೆಯಲ್ಲಿ ನಾನು ತಿಂದ ಪೆಟ್ಟು ಇನ್ನೂ ಉರಿಯುತ್ತದೆ. ಅಂಗಡಿ ಹೆಸರಿನ ಮುಂದೆ 'ಬೆಸ್ಟ್ ಸೈಟ್ಸ್ ಇನ್ ದಾವಣಗೆರೆ' ಅಂತ ಸೇರಿಸಿದೆ. ಹದಿನೈದು ದಿನ ಮೇಲೆ ಬಂತು, ಹದಿನಾರನೇ ದಿನ ಖಾತೆಯೇ ಬಂದ್. ವಾಪಸ್ ಬರಲು ಮೂರು ವಾರ ಬೇಕಾಯ್ತು. ಕರೆಂಟ್ ಬಿಲ್, ಟ್ರೇಡ್ ಲೈಸೆನ್ಸ್ ಕೊಟ್ಟೆ. ರಸ್ತೆಯಿಂದ ಮೆಟ್ಟಿಲು ಹತ್ತಿ ಬೀಗ ತೆಗೆಯುವವರೆಗೆ ವಿಡಿಯೋ ಕೇಳಿದರು. ನನ್ನ ಬೋರ್ಡ್ ಅರ್ಧ ಹರಿದ ಫ್ಲೆಕ್ಸ್. ಆರು ಸಾವಿರ ಕೊಟ್ಟು ಹೊಸದು ಮಾಡಿಸಿ ವಿಡಿಯೋ ತೆಗೆದೆ. ಬೋರ್ಡ್‌ನಲ್ಲಿರುವ ಹೆಸರೇ ಖಾತೆಯಲ್ಲೂ ಇರಲಿ, ಅದಕ್ಕಿಂತ ಒಂದಕ್ಷರ ಜಾಸ್ತಿ ಬೇಡ.

ರಿವ್ಯೂ ನನಗೆ ಈಗ ತೊಂಬತ್ತು ದಾಟಿವೆ. ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಪತ್ರ ಕೈಗೆ ಬಂದ ಮೇಲೆ ಕೇಳುತ್ತೇನೆ, ಅದಕ್ಕಿಂತ ಮೊದಲು ಕೇಳೋದಿಲ್ಲ. ಏನು ಕೇಳುತ್ತೇನೆ, ಹೇಗೆ ಕೇಳಿದರೆ ಅವರು ತಾವಾಗೇ ಬಡಾವಣೆ ಹೆಸರು ಬರೆಯುತ್ತಾರೆ ಅನ್ನೋದು ನನ್ನ ಹತ್ತಿರವೇ ಇರಲಿ. ಎಲ್ಲಾ ಹೇಳಿಬಿಟ್ಟರೆ ನಾಳೆ ನನ್ನ ಪಕ್ಕದ ಅಂಗಡಿಯವನೇ ಮಾಡುತ್ತಾನೆ.

ಲೇಔಟ್ ಬಿಟ್ಟರೆ ಚೆನ್ನಾಗಿ ಓಡಿದ್ದು ನೋಂದಣಿ ಖರ್ಚಿನ ಪುಟ. 20 ಲಕ್ಷದ ಸೈಟ್ ಲೆಕ್ಕ ಬಿಡಿಸಿ ಹಾಕಿದ್ದೆ. ಮುದ್ರಾಂಕ 5 ಪರ್ಸೆಂಟ್, ಒಂದು ಲಕ್ಷ. ಅದರ ಮೇಲೆ ಸೆಸ್ 10 ಸಾವಿರ, ನಗರವಾದರೆ ಸರ್‌ಚಾರ್ಜ್ 2 ಸಾವಿರ, ಹಳ್ಳಿಯಾದರೆ 3 ಸಾವಿರ. ನೋಂದಣಿ ಶುಲ್ಕ 1 ಪರ್ಸೆಂಟ್ ಇದ್ದಿದ್ದು 2025ರ ಆಗಸ್ಟ್ 31ಕ್ಕೆ 2 ಆಯ್ತು. ಅಂದರೆ ನಗರದಲ್ಲಿ 1,32,000 ಇದ್ದಿದ್ದು 1,52,000. ನಾನು ಅವತ್ತೇ ಬದಲಿಸಿದೆ. ದೊಡ್ಡ ದೊಡ್ಡ ವೆಬ್‌ಸೈಟ್‌ಗಳಲ್ಲಿ ವಾರಗಟ್ಟಲೆ ಹಳೇ ಲೆಕ್ಕವೇ ಇತ್ತು. ಆ ಸೆಪ್ಟೆಂಬರ್‌ನಲ್ಲಿ ಆ ಒಂದು ಪುಟಕ್ಕೇ ಎರಡು ಸಾವಿರದ ಹತ್ತಿರ ಜನ ಬಂದರು. ಇ-ಖಾತಾ (ಕಂಪ್ಯೂಟರಿನ ಖಾತಾ ಪತ್ರ) ಗಲಾಟೆ ಶುರುವಾದಾಗಲೂ ಹೀಗೇ ಒಂದು ಪುಟ ಬರೆದಿದ್ದೆ, ಅದರಿಂದ ಮೂರು ವ್ಯವಹಾರ ಆಯ್ತು.

ಜನ ಬಂದರೆ ವ್ಯಾಪಾರ ಅಂತಲ್ಲ ಅನ್ನೋದಕ್ಕೆ ನನ್ನ ಬೆಣ್ಣೆ ದೋಸೆ ಪ್ರಯೋಗ. ಊರಿನ ಬೆಣ್ಣೆ ದೋಸೆ ಹೋಟೆಲ್‌ಗಳ ಬಗ್ಗೆ ಸುಮ್ನೆ ಒಂದು ಬರಹ ಹಾಕಿದೆ. ನನ್ನ ಎಲ್ಲ ಸೈಟ್ ಪುಟಗಳನ್ನು ಸೇರಿಸಿದರೂ ಅದರ ಅರ್ಧ ಜನ ಬರುತ್ತಿರಲಿಲ್ಲ. ಒಂದೇ ಒಂದು ಸೈಟ್ ಹೋಗಲಿಲ್ಲ. ಸೋಮವಾರ ಹೋಟೆಲ್ ತೆಗೆದಿರ್ತಾರಾ ಅಂತ ಬೆಳಗ್ಗೆ ಏಳಕ್ಕೆ ಫೋನ್ ಬರತೊಡಗಿದ ಮೇಲೆ ನಂಬರ್ ತೆಗೆದೆ. ಮೆಡಿಕಲ್ ಕಾಲೇಜು ಹತ್ತಿರದ ಬಾಡಿಗೆ ಮನೆ ಪುಟವೂ ಹಾಗೇ. ಫೋನ್ ಜಾಸ್ತಿ, ಕಮಿಷನ್ ಚಿಲ್ಲರೆ, ಓಡಾಟದ ಪೆಟ್ರೋಲ್‌ಗೇ ಸರಿಹೋಯ್ತು.

ಈಗಿನ ಖರ್ಚು ವರ್ಷಕ್ಕೆ ಡೊಮೈನ್, ಹೋಸ್ಟಿಂಗ್ ಸೇರಿ ನಾಲ್ಕೂವರೆ ಸಾವಿರ. ಟೈಪಿಂಗ್‌ಗೆ ಬರುವ ಹುಡುಗಿಗೆ ತಿಂಗಳಿಗೆ ಮೂರು ಸಾವಿರ. ಯೂನಿಕೋಡ್‌ನಲ್ಲೇ ಟೈಪ್ ಮಾಡ್ತಾಳೆ, ಮೊದಲ ದಿನವೇ ಕೇಳಿ ಇಟ್ಟುಕೊಂಡೆ. ಪುಟಗಳು ಅರವತ್ತನಾಲ್ಕೋ ಅರವತ್ತೈದೋ ಇವೆ. ಮೊದಲ ಏಳೆಂಟು ತಿಂಗಳು ಏನೂ ಬರಲಿಲ್ಲ. ಮನೆಯಲ್ಲಿ ಹೆಂಡತಿ "ರಾತ್ರಿ ಒಂದು ಗಂಟೆ ತನಕ ಅದೇನು ಕುಟ್ಟುತ್ತೀರಿ" ಅನ್ನುತ್ತಿದ್ದಳು. ಒಂಬತ್ತನೇ ತಿಂಗಳು ನಿಟುವಳ್ಳಿ ಕಡೆಯ ಒಂದು 30×50 ಹೋಯ್ತು. ಹುಡುಕಿ ಬಂದ ಮೊದಲ ಗಿರಾಕಿ ಅದು. ಆ ಕಮಿಷನ್‌ನಲ್ಲೇ ಎರಡು ವರ್ಷದ ಖರ್ಚು ಬಂತು.

ಚಹಾ ಅಂಗಡಿಯ ಹಿರಿಯರು ಹೋದ ತಿಂಗಳು ಮೆಲ್ಲಗೆ ಪಕ್ಕಕ್ಕೆ ಕರೆದರು. "ನಮ್ಮ ಅಳಿಯಂದೂ ಒಂದ್ ಲೇಔಟ್ ಐತಿ, ನಿನ್ ಕಂಪ್ಯೂಟರಿಗೆ ಹಾಕಪ್ಪ." ರೇರಾ ನಂಬರ್ ಕೇಳಿದೆ. "ಅದು ಬರ್ತೈತಿ, ನೀ ಹಾಕು" ಅಂದರು. ಪುಟ ಮಾಡಿ ಡ್ರಾಫ್ಟ್‌ನಲ್ಲೇ ಇಟ್ಟಿದ್ದೇನೆ. ನಂಬರ್ ಇನ್ನೂ ಬಂದಿಲ್ಲ.

ಇತ್ತೀಚೆಗೆ ಗೂಗಲ್ ತಾನೇ ಮೇಲೆ ಎಐ ಉತ್ತರ ಕೊಡುತ್ತಿದೆಯಲ್ಲ, ನೋಂದಣಿ ಲೆಕ್ಕದ ಪುಟಕ್ಕೆ ಬರುವವರು ಹೆಚ್ಚುಕಡಿಮೆ ಅರ್ಧ ಆಗಿದ್ದಾರೆ. ಲೆಕ್ಕ ಅದಕ್ಕೆ ಬರುತ್ತೆ, ಯಾವ ಲೇಔಟ್‌ನಲ್ಲಿ ನೀರು ನಿಲ್ಲುತ್ತೆ ಅನ್ನೋದು ಬರಲ್ಲ. ಹಾಗಾಗಿ ಈ ವರ್ಷ ಲೇಔಟ್ ಪುಟಗಳ ಮೇಲೇ ಬಿದ್ದಿದ್ದೇನೆ. ಹರಿಹರ ರಸ್ತೆಯ ಎರಡು ಲೇಔಟ್ ಬರೆದು ಮುಗಿದಿದೆ, ಫೋಟೋ ಮಾತ್ರ ಬಾಕಿ. ಮಳೆಗೆ ಕಾಯುತ್ತಿದ್ದೇನೆ.