ಗಾಜಿನ ತೊಟ್ಟಿಯಲ್ಲಿ ಅರಬ್ಬಿ ಸಮುದ್ರ

ನಾನು ವಿರಾಜಪೇಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕೊಡಗಿಗೆ ಸಮುದ್ರ ಇಲ್ಲ. ಆದರೆ ಜೂನ್ ಬಂತೆಂದರೆ ನಮ್ಮ ಮಾತೆಲ್ಲ ನೀರಿನದೇ. ಯಾರ ತೋಟದಲ್ಲಿ ಎಷ್ಟು ಇಂಚು ಮಳೆ, ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಅಂತ ಬೆಳಿಗ್ಗೆ ಕಾಫಿ ಕುಡಿಯುವಷ್ಟರಲ್ಲಿ ಫೋನಿನಲ್ಲೇ ಗೊತ್ತಾಗಿಬಿಡುತ್ತದೆ. ಮಕ್ಕಳೂ ಅದನ್ನು ಕೇಳಿಕೊಂಡೇ ಬೆಳೆದವರು.

ಎರಡು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು. "ಮಿಸ್, ತೋಟಕ್ಕೆ ಹಾಕಿದ ಗೊಬ್ಬರ ಮಳೆಗೆ ತೊಳೆದು ಹೊಳೆಗೆ ಹೋಗುತ್ತೆ. ಹೊಳೆ ಸಮುದ್ರಕ್ಕೆ ಹೋಗುತ್ತೆ. ಹಾಗಾದ್ರೆ ಮತ್ತಿ ಮೀನಿಗೆ ಊಟ ಹಾಕ್ತಿರೋದು ನಾವೇ ಅಲ್ವಾ?"

ಹೌದು ಅಂದುಬಿಡುತ್ತಿದ್ದೆ. ಯಾಕೋ ತಡೆದು, ನಾಳೆ ಹೇಳುತ್ತೇನೆ ಅಂದೆ. ಆ ನಾಳೆ ಮೂರು ವಾರ ತೆಗೆದುಕೊಂಡಿತು.

ಅವಳ ಲೆಕ್ಕದ ಅರ್ಧ ಸರಿ ಇತ್ತು. ಕಾವೇರಿ ಪೂರ್ವಕ್ಕೆ, ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಆದರೆ ಘಟ್ಟದ ಪಶ್ಚಿಮಕ್ಕೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೇ ಇಳಿಯುತ್ತದೆ. ಮಾಕುಟ್ಟದ ಕಡೆಯ ಬಾರಾಪೊಳೆ ಕೇರಳಕ್ಕೆ ಹೋಗಿ ವಳಪಟ್ಟಣಂ ಹೊಳೆ ಸೇರುತ್ತದೆ. ಪಯಸ್ವಿನಿ ಕಾಸರಗೋಡಿನ ಹತ್ತಿರ ಚಂದ್ರಗಿರಿ ಹೊಳೆಯಾಗಿ ಕಡಲು ಸೇರುತ್ತದೆ. ಪುಷ್ಪಗಿರಿ ಕಡೆಯ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ ಮಂಗಳೂರಿಗೆ ಹೋಗುತ್ತದೆ. ಇಷ್ಟು ನೀರು ಕಡಲಿಗೆ ಹೋಗಿ ಏನು ಮಾಡುತ್ತದೆ ಅನ್ನುವುದೇ ಪ್ರಶ್ನೆ.

ಉತ್ತರ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಅನಿಸಿತು. ಹಾಗಾಗಿ ನೆಂಟರ ಮನೆಯಲ್ಲಿ ಧೂಳು ತಿನ್ನುತ್ತಿದ್ದ ಮೀನಿನ ಗಾಜಿನ ತೊಟ್ಟಿ ತಂದೆ. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಮುಕ್ಕಾಲು ಅಡಿ ಎತ್ತರ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅದರಂತೆ 50 ಲೀಟರ್ ನೀರಿಗೆ ಒಂದೂಮುಕ್ಕಾಲು ಕೆ.ಜಿ. ಉಪ್ಪು ಕರಗಿಸಿ, ಅಡುಗೆಗೆ ಹಾಕುವ ನೀಲಿ ಬಣ್ಣ ಬೆರೆಸಿದೆ. ಇದು ಆಳದ ತಣ್ಣನೆ ನೀರು. ಐಸ್ ಬೇಕಾಗಲೇ ಇಲ್ಲ, ಜುಲೈ ತಿಂಗಳ ನಮ್ಮ ನಲ್ಲಿ ನೀರೇ ಸಾಕಷ್ಟು ತಣ್ಣಗಿತ್ತು. ಇನ್ನು ಎಂಟು ಲೀಟರ್ ನೀರಿಗೆ ಅದೇ ಲೆಕ್ಕದಲ್ಲಿ ಉಪ್ಪು ಹಾಕಿ ಉಗುರುಬೆಚ್ಚಗೆ ಕಾಯಿಸಿದೆ. ಇದು ಬಿಸಿಲಿಗೆ ಕಾದ ಮೇಲಿನ ನೀರು.

ಮೊದಲ ಸಲ ಕೆಟ್ಟಿತು. ಬಕೆಟ್ಟಿನಿಂದ ಸುರಿದೆ, ಎಲ್ಲ ಕಲಸಿ ತಿಳಿನೀಲಿ ಆಯಿತು. ಎರಡನೇ ಸಲ ಒಂದು ತೆಳು ಥರ್ಮಾಕೋಲ್ ಹಾಳೆಯನ್ನು ನೀರಿನ ಮೇಲೆ ತೇಲಿಬಿಟ್ಟು, ಅದರ ಮೇಲೆ ಚೊಂಬಿನಿಂದ ನಿಧಾನವಾಗಿ ಹೊಯ್ದೆ. ಆಗ ನಿಂತಿತು. ಕೆಳಗೆ ನೀಲಿ, ಮೇಲೆ ಎರಡು ಬೆರಳಗಲ ತಿಳಿ ನೀರು, ನಡುವೆ ಒಂದು ಗೆರೆ. ಮನೆಯಲ್ಲಿ ಮಾಡುವವರಿಗೆ ಇದೊಂದೇ ಮಾತು: ಹೊಯ್ಯುವುದಕ್ಕೆ ಹತ್ತು ನಿಮಿಷ ಹಿಡಿದರೂ ಪರವಾಗಿಲ್ಲ, ಅವಸರ ಮಾಡಬೇಡಿ.

ಆಮೇಲೆ ಗಾಳಿ. ಟೇಬಲ್ ಫ್ಯಾನ್ ಇಟ್ಟರೆ ಗೆರೆ ಸ್ವಲ್ಪ ಓರೆ ಆಯಿತು, ಅಷ್ಟೇ. ಕೂದಲು ಒಣಗಿಸುವ ಡ್ರೈಯರ್ ಅನ್ನು ತಣ್ಣನೆ ಗಾಳಿಗೆ ಇಟ್ಟು, ಒಂದು ತುದಿಯಿಂದ ನೀರಿನ ಮೈಗೆ ಸವರಿದ ಹಾಗೆ ಊದಿದೆ. (ನೀರಿನ ಹತ್ತಿರ ಕರೆಂಟು, ಅದನ್ನು ನಾನೇ ಹಿಡಿದೆ, ಮಕ್ಕಳ ಕೈಗೆ ಕೊಡಲಿಲ್ಲ.) ಬೆಚ್ಚನೆ ನೀರು ಆ ತುದಿಗೆ ಹೋಗಿ ರಾಶಿಬಿತ್ತು. ಈ ತುದಿಯಲ್ಲಿ, ನನ್ನ ಕೈಯ ಕೆಳಗೇ, ನೀಲಿ ಮೆಲ್ಲಗೆ ಏರುತ್ತಾ ಏರುತ್ತಾ ಬಂದು ಮೇಲಕ್ಕೆ ತಲುಪಿತು. ಮಕ್ಕಳೆಲ್ಲ ಒಮ್ಮೆಲೇ ಬೆಂಚು ಬಿಟ್ಟು ಎದ್ದರು.

ಕಡಲಿನ ಊಟ ಬರುವುದು ಹೀಗೆ. ನಮ್ಮ ಕಾಫಿ ಗಿಡದ ಬುಡದಲ್ಲಿ ದರಗು ಬಿದ್ದು ಕೊಳೆತು ಅಲ್ಲೇ ಗೊಬ್ಬರ ಆಗುತ್ತದೆ, ಬೇರು ಅಲ್ಲೇ ಹೀರುತ್ತದೆ. ಕಡಲಲ್ಲಿ ಹಾಗಿಲ್ಲ. ಅಲ್ಲಿಯ ಹಸಿರು ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಅದಕ್ಕೆ ಬೇರಿಲ್ಲ, ಬೆಳಕು ಬೇಕು, ಹಾಗಾಗಿ ಮೇಲೇ ಇರುತ್ತದೆ. ಸತ್ತದ್ದೆಲ್ಲ ಕೆಳಗೆ ಮುಳುಗಿ ಕತ್ತಲಲ್ಲಿ ಕೊಳೆಯುತ್ತದೆ. ನೈಟ್ರೇಟ್, ಫಾಸ್ಫೇಟ್ ಎಲ್ಲ ಆ ತಣ್ಣನೆ ನೀರಿನಲ್ಲೇ ಉಳಿದುಬಿಡುತ್ತದೆ. ಯಾರಾದರೂ ಅದನ್ನು ಎತ್ತಿ ಮೇಲೆ ತರಬೇಕು. ತರುವುದನ್ನೇ ಅಪ್‌ವೆಲಿಂಗ್ ಅನ್ನುತ್ತಾರೆ.

ತೊಟ್ಟಿಯಲ್ಲಿ ತೋರಿಸಲು ಆಗದ ಒಂದು ವಿಷಯ ಇದೆ. ಕಡಲಲ್ಲಿ ಮೇಲಿನ ನೀರು ಗಾಳಿ ಬೀಸಿದ ಕಡೆಗೇ ನೇರ ಹೋಗುವುದಿಲ್ಲ. 1893ರಿಂದ 1896ರವರೆಗೆ ನಾರ್ವೆಯ ಅನ್ವೇಷಕ ಫ್ರಿಟ್ಯೋಫ್ ನಾನ್ಸೆನ್ 'ಫ್ರಾಮ್' ಹಡಗಿನಲ್ಲಿ ಉತ್ತರ ಧ್ರುವದ ಕಡೆ ಹೋದಾಗ, ಮಂಜುಗಡ್ಡೆ ಗಾಳಿಯ ದಾರಿಗಿಂತ ಬಲಕ್ಕೆ ಸರಿದು ತೇಲುವುದನ್ನು ಕಂಡರು. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಎಂದು ಸ್ವೀಡನ್ನಿನ ಸಮುದ್ರ ವಿಜ್ಞಾನಿ ಎಕ್ಮನ್ 1905ರಲ್ಲಿ ಲೆಕ್ಕ ಮಾಡಿ ತೋರಿಸಿದರು. ಭೂಮಧ್ಯರೇಖೆಯಿಂದ ಉತ್ತರಕ್ಕೆ, ಗಾಳಿಗೆ ಸಿಕ್ಕಿದ ಮೇಲಿನ ನೀರನ್ನೆಲ್ಲ ಒಟ್ಟು ನೋಡಿದರೆ ಅದು ಗಾಳಿಯ ಬಲಗಡೆಗೆ ಹೋಗುತ್ತದೆ. ಇದಕ್ಕೆ ನಾನು ಒಂದು ರಟ್ಟನ್ನು ಬೋರ್ಡ್ ಪಿನ್ನಿಗೆ ಸಿಕ್ಕಿಸಿ, ಒಬ್ಬ ಹುಡುಗ ಅದನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸುವಾಗ ಇನ್ನೊಬ್ಬನಿಂದ ನಡುವಿನಿಂದ ಅಂಚಿಗೆ ನೇರ ಗೆರೆ ಎಳೆಸಿದೆ. ಅವನು ಎಳೆದದ್ದು ನೇರ, ರಟ್ಟಿನ ಮೇಲೆ ಬಿದ್ದದ್ದು ಬಲಕ್ಕೆ ಬಾಗಿದ ಗೆರೆ.

ಆಮೇಲೆ ಎಲ್ಲರನ್ನೂ ವರಾಂಡದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಅಂಚಿನಲ್ಲಿ ಗಾಳಿ ವಾಯವ್ಯದ ಕಡೆಯಿಂದ, ದಡದ ಉದ್ದಕ್ಕೂ ದಕ್ಷಿಣಕ್ಕೆ ಜಾರುತ್ತದೆ. ಈಗ ಬಲಗೈ ಎತ್ತಿ ಅಂದೆ. ಎಲ್ಲರ ಕೈಯೂ ಪಶ್ಚಿಮಕ್ಕೆ, ಕಡಲ ಕಡೆಗೆ ಹೋಯಿತು. ಮೇಲಿನ ನೀರು ದಡ ಬಿಟ್ಟು ಹೊರಗೆ ಹೋಯಿತು, ಖಾಲಿಯಾದ ಜಾಗಕ್ಕೆ ಕೆಳಗಿನ ನೀರು ಬಂತು. ಗಾಳಿ ಒಂದೇ ಅಲ್ಲ, ದಕ್ಷಿಣದ ತುದಿಯಿಂದ ದಡ ಹಿಡಿದುಕೊಂಡು ಬರುವ ದೊಡ್ಡ ನಿಧಾನದ ಅಲೆಗಳೂ ತಣ್ಣನೆ ನೀರನ್ನು ಎತ್ತುತ್ತವೆ. ಹಾಗಾಗಿ ಕೇರಳದಲ್ಲಿ ಮೊದಲು ಶುರುವಾಗಿ ಆಮೇಲೆ ಉತ್ತರಕ್ಕೆ ಬರುತ್ತದೆ. ಮತ್ತಿ (ಮಂಗಳೂರಿನವರ ಬೂತಾಯಿ) ಮರಿ ಮಾಡುವುದೂ ಈ ಮಳೆಗಾಲದಲ್ಲೇ.

ಹಾಗಾದರೆ ನಮ್ಮ ಹೊಳೆ? ನನಗೆ ಬಹಳ ಇಷ್ಟವಾದ ಭಾಗ ಇದು.

ಮರುದಿನ ಮತ್ತೆ ನೀಲಿ ಉಪ್ಪುನೀರು ತುಂಬಿದೆ. ಈ ಸಲ ಮೇಲೆ ಬೆಚ್ಚನೆ ಉಪ್ಪುನೀರು ಹಾಕಲಿಲ್ಲ. ಶಾಲೆಯ ಹೆಂಚಿನ ಮಾಡಿನ ಕೆಳಗೆ ಮಕ್ಕಳೇ ಬಕೆಟ್ ಇಟ್ಟು ಹಿಡಿದ ಮಳೆನೀರು, ಅದೇ ಎಂಟು ಲೀಟರ್, ತಣ್ಣಗೇ ಹೊಯ್ದೆ. ಅದೇ ಡ್ರೈಯರ್, ಅದೇ ಗಾಳಿ. ಐದು ನಿಮಿಷ ಊದಿದೆ, ಕೈ ಸೋತಿತು. ನೀಲಿ ಒಂದು ಬೆರಳಿನಷ್ಟು ಕೂಡ ಏರಲಿಲ್ಲ. ಉಪ್ಪಿಲ್ಲದ ನೀರು ಅಷ್ಟು ಹಗುರ, ಮೇಲೆ ಮುಚ್ಚಳದ ಹಾಗೆ ಕೂತುಬಿಟ್ಟಿತ್ತು.

ಕರ್ನಾಟಕ, ಗೋವಾ ಕರಾವಳಿಯಲ್ಲಿ ಮಳೆಗಾಲದಲ್ಲಿ ನಿಜವಾಗಿ ಇದೇ ನಡೆಯುತ್ತದೆ. ಘಟ್ಟದಿಂದ ಇಳಿದ ಹೊಳೆನೀರು, ಕಡಲ ಮೇಲೇ ಸುರಿದ ಮಳೆ, ಎರಡೂ ಸೇರಿ ಐದರಿಂದ ಹತ್ತು ಮೀಟರ್ ದಪ್ಪದ ಪದರ ಆಗುತ್ತದೆ. ತಣ್ಣನೆ ನೀರು ಅದರ ಕೆಳಗೆ ಬಂದು ನಿಲ್ಲುತ್ತದೆ. ತೆಳು ಪದರವಾದ್ದರಿಂದ ಬೆಳಕು ಸ್ವಲ್ಪ ಕೆಳಗೂ ಹೋಗುತ್ತದೆ, ಅಲೆ ಎದ್ದಾಗ ಸ್ವಲ್ಪ ಸ್ವಲ್ಪ ಕಲಸುತ್ತದೆ, ಹಾಗೆ ಪಾಚಿಗೆ ಊಟ ಸಿಗುತ್ತದೆ. ಆದರೆ ಮುಚ್ಚಳದ ಕೆಳಗೆ ಗಾಳಿ ಆಡುವುದಿಲ್ಲ. ಮೊದಲೇ ಆಮ್ಲಜನಕ ಕಮ್ಮಿ ಇರುವ ನೀರು, ಮೇಲಿಂದ ಬಿದ್ದದ್ದು ಅಲ್ಲಿ ಕೊಳೆಯುತ್ತಾ ಇದ್ದರೆ ಸೆಪ್ಟೆಂಬರ್ ಹೊತ್ತಿಗೆ ತಳದಲ್ಲಿ ಆಮ್ಲಜನಕ ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅನ್ನುವ ಹಾಗಾಗುತ್ತದೆ. ಗೋವಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು 2000ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಹೊಳೆಗೆ ಹೋದ ಗೊಬ್ಬರ ಈ ಜಾಗಕ್ಕೆ ಒಳ್ಳೆಯದಲ್ಲ, ಪಾಚಿ ಜಾಸ್ತಿ ಆದಷ್ಟೂ ಕೊಳೆಯುವುದೂ ಜಾಸ್ತಿ. ಹೊಳೆ ಏನೂ ಒಳ್ಳೆಯದು ತರುವುದಿಲ್ಲ ಅಂತಲ್ಲ. ಕಲ್ಲು ಸವೆದು ಬರುವ ಸಿಲಿಕಾ ಹೊಳೆಯದೇ ಉಡುಗೊರೆ, ಡಯಾಟಂ ಅನ್ನುವ ಪಾಚಿಗಳು ಅದರಲ್ಲೇ ಗಾಜಿನಂಥ ಗೂಡು ಕಟ್ಟಿಕೊಳ್ಳುತ್ತವೆ.

ಹುಡುಗಿಗೆ ಇಷ್ಟೂ ಹೇಳಿದೆ. ಮತ್ತಿಯ ಊಟದ ದೊಡ್ಡ ಪಾಲು ಕಡಲಿನದೇ ಆಳದಿಂದ ಬರುತ್ತೆ, ನಾವು ಕಳಿಸೋದು ಮುಚ್ಚಳ ಅಂದೆ. ಅವಳು ತೊಟ್ಟಿಯನ್ನು ಖಾಲಿ ಮಾಡಲು ಬಿಡಲಿಲ್ಲ. "ಎಷ್ಟು ದಿನ ನಿಲ್ಲುತ್ತೆ ನೋಡೋಣ ಮಿಸ್" ಅಂದಳು. ಮೊದಲ ದಿನದ ಬೆಚ್ಚನೆ ಪದರ ಗಂಟೆ ಎರಡು ಗಂಟೆಯಲ್ಲಿ ತಣ್ಣಗಾಗಿ ಕರಗಿಹೋಗಿತ್ತು. ಇದು ಶುಕ್ರವಾರ. ಗಾಜಿನ ಮೇಲೆ ಗೆರೆ ಇದ್ದಲ್ಲಿಗೆ ಮಾರ್ಕರಿನಿಂದ ಗುರುತು ಹಾಕಿ ಬೀಗ ಹಾಕಿದೆವು. ಸೋಮವಾರ ಬೆಳಿಗ್ಗೆ ನನಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋಗಿ ನೋಡಿದರೆ ಗೆರೆಯ ಅಂಚು ಸ್ವಲ್ಪ ಮಸುಕಾಗಿತ್ತು. ಆದರೆ ಗೆರೆ ಅಲ್ಲೇ ಇತ್ತು.