ಹಳೆಯ ಏಜ್ ಆಫ್ ಎಂಪೈರ್ಸ್ 2 ಆಟವನ್ನು ಇಂದಿನ ಪರದೆಗೆ ಹೊಂದಿಸಿಕೊಂಡ ಬಗೆ

1999ರಲ್ಲಿ ಬಿಡುಗಡೆಯಾದ ಏಜ್ ಆಫ್ ಎಂಪೈರ್ಸ್ 2 ಎಂಬ ಕಂಪ್ಯೂಟರ್ ಯುದ್ಧತಂತ್ರದ ಆಟದ ಮೂಲ ಸಿಡಿ ಆವೃತ್ತಿಯನ್ನು ನಾನು ಇಂದಿಗೂ ಆಡುತ್ತೇನೆ. 2019ರಲ್ಲಿ ಬಂದ ಅದರ ಹೊಸ ರೂಪ ಡೆಫಿನಿಟಿವ್ ಎಡಿಷನ್ ನೋಡಲು ಚೆಂದವಾಗಿದ್ದರೂ ನನ್ನ ಹಳೆಯ ಲ್ಯಾಪ್‌ಟಾಪಿಗೆ ಅದು ಭಾರವೇ ಸರಿ. ಮೂಲ ಆವೃತ್ತಿಯು 800×600, 1024×768 ಮತ್ತು 1280×1024 ಎಂಬ ಮೂರು ರೆಸಲ್ಯೂಷನ್‌ಗಳನ್ನಷ್ಟೇ (ಅಗಲ ಮತ್ತು ಎತ್ತರದಲ್ಲಿರುವ ಪಿಕ್ಸೆಲ್, ಅಂದರೆ ಚುಕ್ಕಿಗಳ ಎಣಿಕೆ) ಕೊಡುತ್ತದೆ. ಇವುಗಳಲ್ಲಿ ಒಂದೂ ಇಂದಿನ ಅಗಲ ಪರದೆಗಳ ಅಳತೆಯದಲ್ಲ.

ಮೂರು ಆಯಾಮದ ಆಟಗಳಲ್ಲಿ ರೆಸಲ್ಯೂಷನ್ ಹೆಚ್ಚಿಸಿದರೆ ಅದೇ ದೃಶ್ಯ ಇನ್ನಷ್ಟು ನಯವಾಗಿ ಕಾಣುತ್ತದೆ. ಈ ಆಟದ ರೀತಿ ಬೇರೆ. ಇಲ್ಲಿನ ಸೈನಿಕ, ಮರ, ಕೋಟೆಗಳೆಲ್ಲ ಮೊದಲೇ ಬರೆದಿಟ್ಟ ಚಪ್ಪಟೆ ಚಿತ್ರಗಳಾದ್ದರಿಂದ ಯಾವ ರೆಸಲ್ಯೂಷನ್‌ನಲ್ಲೂ ಅವು ಅಷ್ಟೇ ಪಿಕ್ಸೆಲ್‌ಗಳನ್ನು ಆಕ್ರಮಿಸುತ್ತವೆ. ಬದಲಾಗುವುದು ಒಮ್ಮೆಗೆ ಕಣ್ಣಿಗೆ ಬೀಳುವ ನೆಲದ ವಿಸ್ತಾರ. 800×600ರಲ್ಲಿ 4,80,000 ಪಿಕ್ಸೆಲ್‌ಗಳಿದ್ದರೆ 1280×1024ರಲ್ಲಿ 13,10,720 ಇವೆ. ಶತ್ರುವಿನ ಕುದುರೆ ಸವಾರರು ಬರುತ್ತಿರುವುದು ಎಷ್ಟು ಬೇಗ ತಿಳಿಯುತ್ತದೆ ಎಂಬುದು ಈ ವ್ಯತ್ಯಾಸವನ್ನೇ ಅವಲಂಬಿಸಿರುವುದರಿಂದ, ಪರದೆಗೆ ಹಿಡಿಸುವ ಅತಿ ದೊಡ್ಡ ಅಳತೆಯನ್ನು ಹಿಗ್ಗಿಸದೆ, ಪಿಕ್ಸೆಲ್‌ಗೆ ಪಿಕ್ಸೆಲ್ ಸರಿಹೊಂದುವಂತೆ ತೋರಿಸಬೇಕೆಂಬುದು ನನ್ನ ಗುರಿಯಾಗಿತ್ತು.

ಲ್ಯಾಪ್‌ಟಾಪಿನ ಪರದೆ 1366×768 ಅಳತೆಯದು. ಅದರಲ್ಲಿ 1024×768 ಆರಿಸಿದಾಗ ಚಿತ್ರ ಅಡ್ಡಕ್ಕೆ ಎಳೆದುಕೊಂಡು ಹಳ್ಳಿಗರೆಲ್ಲ ಕುಳ್ಳಾಗಿ, ದಪ್ಪಗಾಗಿ ಕಂಡರು. ಗ್ರಾಫಿಕ್ಸ್ ನಿಯಂತ್ರಣ ಫಲಕದಲ್ಲಿ ಸ್ಕೇಲಿಂಗ್ ಆಯ್ಕೆಯನ್ನು ಪೂರ್ಣ ಪರದೆಯಿಂದ ಮೂಲ ಅನುಪಾತಕ್ಕೆ ಬದಲಿಸಿದ ಮೇಲೆ ಈ ತೊಂದರೆ ನಿಂತಿತು. ಎರಡರ ಎತ್ತರವೂ 768 ಸಾಲುಗಳೇ ಆಗಿರುವುದರಿಂದ ಚಿತ್ರ ಸ್ವಲ್ಪವೂ ಹಿಗ್ಗುವುದಿಲ್ಲ. ಎಡಬಲಗಳಲ್ಲಿ ತಲಾ 171 ಪಿಕ್ಸೆಲ್‌ಗಳ ಕಪ್ಪು ಪಟ್ಟಿ ಉಳಿಯುತ್ತದೆ, ಅಷ್ಟೇ. ಆ ಪಟ್ಟಿಗಳನ್ನು ಕಂಡು ಬೇಸರಪಡುವವರಿದ್ದಾರೆ. ಎಳೆದ ಚಿತ್ರಕ್ಕಿಂತ ಅವು ಎಷ್ಟೋ ಮೇಲು ಎಂಬುದು ನನ್ನ ಅಭಿಪ್ರಾಯ.

ಆಟವನ್ನು ಇಡೀ ಪರದೆಯ ಬದಲು ಒಂದು ಕಿಟಕಿಯೊಳಗೆ ತೋರಿಸುವ ವಿಂಡೋ ಮೋಡ್ ಇಷ್ಟು ಸುಲಭಕ್ಕೆ ಒದಗಲಿಲ್ಲ. ಆಟವು ಪರದೆಯ ಮೇಲೆ ಚಿತ್ರ ಮೂಡಿಸಲು 256 ಬಣ್ಣಗಳ ಹಳೆಯ ಡೈರೆಕ್ಟ್‌ಡ್ರಾ ವಿಧಾನವನ್ನು ಬಳಸುವುದರಿಂದ ಇಡೀ ಪರದೆಯನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ವಿಂಡೋಸ್ 7ರಲ್ಲಿ ಹುಲ್ಲು, ನೀರು ವಿಚಿತ್ರ ಬಣ್ಣಗಳಿಗೆ ತಿರುಗುತ್ತಿದ್ದುದಕ್ಕೂ ಈ 256 ಬಣ್ಣಗಳ ಪಟ್ಟಿಯೇ ಕಾರಣ. ಇದಕ್ಕೆ ನಾನು ಬಳಸಿದ್ದು ಸಿಎನ್‌ಸಿ-ಡಿಡ್ರಾ ಎಂಬ ಉಚಿತ ತಂತ್ರಾಂಶ. ಅದರ ಕಡತಗಳನ್ನು ಆಟದ ಫೋಲ್ಡರ್‌ಗೆ ನಕಲಿಸಿದರೆ ಆಟ ಕಳುಹಿಸುವ ಚಿತ್ರವನ್ನು ಅದು ನಡುವೆಯೇ ಪಡೆದು ಇಂದಿನ ವಿಧಾನದಲ್ಲಿ ತೋರಿಸುತ್ತದೆ.

ಹೊರಗಿನ ಮಾನಿಟರ್ 1920×1080 ಅಳತೆಯದಾದ್ದರಿಂದ ಅಲ್ಲಿ 1280×1024 ಹಿಡಿಸುತ್ತದೆ. ಆದರೆ ಸಾಮಾನ್ಯ ವಿಂಡೋದಲ್ಲಿ ತೆರೆದಾಗ ಶೀರ್ಷಿಕೆ ಪಟ್ಟಿ ಮೇಲಿನಿಂದ ಒತ್ತಿ, ಆಜ್ಞೆಯ ಗುಂಡಿಗಳೂ ಪುಟ್ಟ ನಕ್ಷೆಯೂ ಇರುವ ಕೆಳಭಾಗ ಟಾಸ್ಕ್‌ಬಾರ್‌ನ ಹಿಂದೆ ಸರಿಯಿತು. ಟಾಸ್ಕ್‌ಬಾರ್ ತಾನಾಗಿ ಅಡಗುವಂತೆ ಮಾಡಿದರೆ ಜಾಗ ಸಾಲುತ್ತದೆ. ನನಗೆ ಹಿಡಿಸಿದ್ದು ಅಂಚಿಲ್ಲದ ವಿಂಡೋ. ತಂತ್ರಾಂಶದ ಸೆಟ್ಟಿಂಗ್ಸ್ ಕಡತದಲ್ಲಿ 'ವಿಂಡೋಡ್' ಮತ್ತು 'ಫುಲ್‌ಸ್ಕ್ರೀನ್' ಎಂಬ ಎರಡು ಸಾಲುಗಳಿಗೂ 'ಟ್ರೂ' ಎಂದು ಕೊಟ್ಟರೆ ಅದು ಸಿಗುತ್ತದೆ. ಅನುಪಾತವನ್ನಷ್ಟೇ ಕಾಯ್ದುಕೊಂಡರೆ 1024 ಸಾಲುಗಳು 1080ಕ್ಕೆ ಹಿಗ್ಗಿ, ಕೆಲವು ಪಿಕ್ಸೆಲ್‌ಗಳು ಮಾತ್ರ ದಪ್ಪಗಾಗಿ, ಗೋಡೆಯ ಕಲ್ಲುಗಳ ಗೆರೆಗಳು ಅಂಕುಡೊಂಕಾದವು. 'ಬಾಕ್ಸಿಂಗ್' ಎಂಬ ಸಾಲಿಗೂ 'ಟ್ರೂ' ಕೊಟ್ಟಾಗ ಪೂರ್ಣಾಂಕದ ಪಟ್ಟಿನಲ್ಲಿ (ಎರಡು ಪಟ್ಟು, ಮೂರು ಪಟ್ಟು ಹೀಗೆ) ಮಾತ್ರ ಹಿಗ್ಗಿಸುವ ನಿಯಮ ಜಾರಿಯಾಗಿ, ಚಿತ್ರ ಇದ್ದ ಗಾತ್ರದಲ್ಲೇ ನಡುವೆ ಕೂತಿತು: ಮೇಲೆ ಕೆಳಗೆ 28, ಎಡಬಲಕ್ಕೆ 320 ಪಿಕ್ಸೆಲ್‌ಗಳ ಅಂಚು.

ವಿಂಡೋಸ್‌ನ ಡಿಸ್‌ಪ್ಲೇ ಸ್ಕೇಲಿಂಗ್ (ಅಕ್ಷರ, ಚಿತ್ರಗಳನ್ನು ಹಿಗ್ಗಿಸಿ ತೋರಿಸುವ ವ್ಯವಸ್ಥೆ) ಶೇ 125ರಲ್ಲಿದ್ದು ಚಿತ್ರ ಮಸುಕಾಗಿ ಕಂಡರೆ, ಆಟದ ಕಡತದ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ವಿಭಾಗಕ್ಕೆ ಹೋಗಿ ಈ ಹಿಗ್ಗಿಸುವಿಕೆಯ, ಅಂದರೆ ಡಿಪಿಐ ಸ್ಕೇಲಿಂಗ್‌ನ ಹೊಣೆಯನ್ನು ಅಪ್ಲಿಕೇಶನ್‌ಗೇ ವಹಿಸಬೇಕು.

ಪರದೆಯ ಅಂಚಿಗೆ ಮೌಸ್ ಒಯ್ದು ನಕ್ಷೆ ಸರಿಸುವ ಆಟವಿದು. ವಿಂಡೋದಿಂದ ಮೌಸ್‌ನ ಬಾಣದ ಗುರುತು ಹೊರಜಾರಿದರೆ ಆಡುವುದೇ ಕಷ್ಟ. ಈ ತಂತ್ರಾಂಶ ಬಾಣವನ್ನು ಒಳಗೇ ಹಿಡಿದಿಡುತ್ತದೆ, ಕಂಟ್ರೋಲ್ ಮತ್ತು ಟ್ಯಾಬ್ ಒಟ್ಟಿಗೆ ಒತ್ತಿದರೆ ಬಿಡುತ್ತದೆ. ಮಾನಿಟರ್ ಇಲ್ಲದೆ ಲ್ಯಾಪ್‌ಟಾಪಿನಲ್ಲೇ ಆಡುವ ದಿನ ಆಟದೊಳಗಿನ ರೆಸಲ್ಯೂಷನ್‌ ಅನ್ನು 1024×768ಕ್ಕೆ ಇಳಿಸಿಕೊಳ್ಳುತ್ತೇನೆ. ಉಳಿದ ಸಾಲುಗಳನ್ನು ಮುಟ್ಟಬೇಕಾಗಿಲ್ಲ.