ರಾಜ್ಮಾ ಸಸಿಯ ಗಡಿಯಾರ ಅಳೆಯುವುದು ಹೇಗೆ

ಕತ್ತಲಾದ ಮೇಲೆ ಟಾರ್ಚ್ ಹಿಡಿದು ಶೇಂಗಾ ಹೊಲಕ್ಕೆ ಹೋಗಿದ್ದೀರಾ? ಹಗಲು ಅಗಲವಾಗಿ ಬಿಚ್ಚಿಕೊಂಡಿದ್ದ ಎಲೆಗಳು ಜೋಡಿ ಜೋಡಿಯಾಗಿ ಮುಖಕ್ಕೆ ಮುಖ ಕೊಟ್ಟು ಮುಚ್ಚಿಕೊಂಡಿರುತ್ತವೆ. ನಮ್ಮ ಕುಷ್ಟಗಿ ಕಡೆಯ ಮಸಾರಿ ಹೊಲಗಳಲ್ಲಿ ಇದು ದಿನಾ ಕಾಣುವ ನೋಟ. ಹುಣಸೆಯೂ ಹಾಗೇ. ನಾನು ಚಿಕ್ಕವನಿದ್ದಾಗ ಸಂಜೆ ಹುಣಸೆ ಚಿಗುರಿಗೆ ಕೈ ಹಾಕಿದರೆ ಅವ್ವ ಬಯ್ಯುತ್ತಿದ್ದಳು: "ಗಿಡ ಮಲಗೇತಿ, ಮುಟ್ಟಬ್ಯಾಡ. ಮುಂಜಾನೆ ಹರಕೊಂಡ್ರಾತು."

ಅಲೆಗ್ಸಾಂಡರನ ಜೊತೆಗಿದ್ದ ಆಂಡ್ರಾಸ್ಥೆನಿಸ್ ಕೂಡ ಟೈಲೋಸ್, ಅಂದರೆ ಇವತ್ತಿನ ಬಹ್ರೇನ್ ದ್ವೀಪದಲ್ಲಿ, ರಾತ್ರಿ ಎಲೆ ಮುಚ್ಚುವ ಮರವೊಂದನ್ನು ನೋಡಿ ಬರೆದಿಟ್ಟ. ಅದು ಹುಣಸೆಯೇ ಅಂತ ತಿಳಿದವರು ಹೇಳುತ್ತಾರೆ. ಇದನ್ನು ಓದಿದ ದಿನ ನನಗೆ ಅವ್ವನ ಮಾತೇ ನೆನಪಾಯಿತು.

ಬೆಳಕು ಹೋಯಿತು, ಅದಕ್ಕೇ ಎಲೆ ಮುಚ್ಚಿತು ಅನ್ನಿಸುತ್ತದೆ, ಅಲ್ವಾ? 1729ರಲ್ಲಿ ಫ್ರಾನ್ಸಿನ ವಿಜ್ಞಾನಿ ದ ಮೈರಾನ್ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಹಗಲಾದಾಗ ಅದು ಎಲೆ ಬಿಚ್ಚಿತು, ರಾತ್ರಿಗೆ ಮುಚ್ಚಿತು. ಗಡಿಯಾರ ಗಿಡದ ಒಳಗೇ ಇದೆ. ಆದರೆ ಅದು ಸರಿಯಾಗಿ 24 ಗಂಟೆಯದ್ದಲ್ಲ. ಒಂದು ತಳಿಗೆ 24ಕ್ಕಿಂತ ಕಡಿಮೆ, ಇನ್ನೊಂದಕ್ಕೆ ಜಾಸ್ತಿ. ದಿನಾ ಸೂರ್ಯ ಹುಟ್ಟಿದಾಗ ಅದು ಮತ್ತೆ ಸರಿಹೋಗುತ್ತದೆ. ಹಾಗಾಗಿ ಹೊಲದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಸೂರ್ಯನನ್ನು ಮರೆಮಾಡಿದರೆ ಮಾತ್ರ ಗಿಡ ತನ್ನ ಸ್ವಂತ ಲೆಕ್ಕ ತೋರಿಸುತ್ತದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ಮಕ್ಕಳ ಜೊತೆ ಇದನ್ನು ಮಾಡಲು ರಾಜ್ಮಾ ಕಾಳೇ ಒಳ್ಳೆಯದು. ಕಿರಾಣಿ ಅಂಗಡಿಯಲ್ಲಿ ಕೆಂಪು ರಾಜ್ಮಾ ಸಿಗುತ್ತದೆ, ಚುಕ್ಕಿ ಇರುವ ಚಿತ್ರಾ ರಾಜ್ಮಾ ಸಿಗುತ್ತದೆ. ಬೀಜದ ಅಂಗಡಿಯಲ್ಲಿ ತರಕಾರಿ ಬೀನ್ಸ್ ಬೀಜ ಇರುತ್ತದೆ. ಮೂರೂ ಒಂದೇ ಜಾತಿಯ ಗಿಡ, ತಳಿ ಬೇರೆ. ನಮಗೆ ಬೇಕಾದದ್ದು ಇದೇ. ತಳಿಗೆ ಐದು ಕಾಳಿನಂತೆ ಟೀ ಕಪ್ಪುಗಳಲ್ಲಿ ಊರಿ. ಒಂದೊಂದೇ ಗಿಡ ಅಳೆದು ತೀರ್ಮಾನ ಮಾಡಬೇಡಿ, ಒಂದೇ ತಳಿಯ ಎರಡು ಸಸಿಗಳೂ ಪೂರ್ತಿ ಒಂದೇ ಥರ ಇರುವುದಿಲ್ಲ.

ಮೊದಲ ಹತ್ತು ಹನ್ನೆರಡು ದಿನ ಕಪ್ಪುಗಳು ಹೊರಗೇ ಇರಲಿ. ಹಗಲು, ರಾತ್ರಿ ಎರಡನ್ನೂ ಚೆನ್ನಾಗಿ ನೋಡಲಿ. ಮೊದಲ ಜೋಡಿ ಎಲೆ ಪೂರ್ತಿ ಬಿಚ್ಚಿದ ಮೇಲೆ ಹತ್ತಿರ ಕೂತು ನೋಡಿ. ತೊಟ್ಟು ಎಲೆಗೆ ಸೇರುವ ಜಾಗದಲ್ಲಿ ಬೆರಳಿನ ಗಿಣ್ಣಿನಂಥ ಸಣ್ಣ ಉಬ್ಬು ಇದೆ. ಸ್ವಲ್ಪ ದಪ್ಪ, ಬಣ್ಣವೂ ಸ್ವಲ್ಪ ಬೇರೆ. ಅದರ ಒಂದು ಬದಿಯ ಜೀವಕೋಶಗಳಿಗೆ ನೀರು ತುಂಬಿ, ಇನ್ನೊಂದು ಬದಿಯಿಂದ ನೀರು ಹೊರಟಾಗ ಎಲೆ ಏಳುತ್ತದೆ ಅಥವಾ ಬೀಳುತ್ತದೆ. ಹಗಲು ಎಲೆ ಅಡ್ಡಲಾಗಿ ಚಾಚಿರುತ್ತದೆ, ರಾತ್ರಿ ಕೊಡೆ ಮಡಚಿದ ಹಾಗೆ ಕೆಳಗೆ ಜೋತು ಬಿದ್ದಿರುತ್ತದೆ.

ಇನ್ನು ಕೋಣೆ. ಎಲ್ಲಕ್ಕಿಂತ ಮುಖ್ಯ ಇದು. ಬೆಳಕು ಬದಲಾಗಬಾರದು, ಸೆಕೆ ತಂಪು ಕೂಡ ಬದಲಾಗಬಾರದು, ಯಾಕೆಂದರೆ ಗಿಡ ಎರಡರಿಂದಲೂ ಹೊತ್ತು ತಿಳಿಯುತ್ತದೆ. ತಗಡಿನ ಮನೆ ಆಗುವುದಿಲ್ಲ. ನಾನು ನಮ್ಮ ಹಳೆಯ ಮಾಳಿಗೆ ಮನೆಯ ಒಳಕೋಣೆ ಆರಿಸಿಕೊಂಡೆ. ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಹೊರಗಿನ ಬಿಸಿ ಒಳಗೆ ಬರುವುದು ಬಹಳ ನಿಧಾನ. ಮಾಳಿಗೆಯ ಬೆಳಕಿಂಡಿಗೆ ಗೋಣಿಚೀಲ ಹೊದಿಸಿ ಮೇಲೆ ಕಲ್ಲು ಇಟ್ಟೆ. ಏಪ್ರಿಲ್, ಮೇ ಬೇಡವೇ ಬೇಡ. ಡಿಸೆಂಬರ್, ಜನವರಿ ಸರಿಯಾದ ಕಾಲ. ಒಂದು 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ಮೂರು ಅಡಿ ದೂರದಲ್ಲಿ ಹಾಕಿ, ಮೂರು ದಿನ ಆರಿಸಬೇಡಿ. ಪೂರ್ತಿ ಕತ್ತಲಲ್ಲಿಟ್ಟರೆ ಸಸಿ ಬೇಗ ಬಿಳಿಚಿಕೊಂಡು ಸೋಲುತ್ತದೆ.

ಮೊದಲ ಸಲ ಎರಡನೆಯ ರಾತ್ರಿ ಕರೆಂಟ್ ಹೋಯಿತು, ಎರಡು ತಾಸು ಬರಲಿಲ್ಲ. ಮೂರು ವಾರದ ಕೆಲಸ ಹಾಳಾಯಿತು. ಆಮೇಲೆ ಇನ್ವರ್ಟರ್ ಇರುವ ಲೈನಿಗೆ ಬಲ್ಬ್ ಹಾಕಿದೆ. ನೀವು ಮೊದಲೇ ಹಾಕಿ.

ಕಾಂಡ ಅಲುಗದಂತೆ ಪೊರಕೆ ಕಡ್ಡಿಗೆ ಸಡಿಲವಾಗಿ ದಾರ ಕಟ್ಟಿ. ಎಲೆಯ ಹಿಂದೆ ಮಣ್ಣಿಗೆ ಸ್ಕೇಲ್ ಚುಚ್ಚಿ. ಎರಡು ತಾಸಿಗೊಮ್ಮೆ ಎಲೆಯ ತುದಿ ಎಷ್ಟು ಎತ್ತರದಲ್ಲಿದೆ ಅಂತ ಬರೆದುಕೊಳ್ಳಿ. ರಾತ್ರಿ ಎಚ್ಚರ ಇರಲು ಆಗದಿದ್ದರೆ ಹಳೆಯ ಮೊಬೈಲನ್ನು ನಿಲ್ಲಿಸಿ, ಫ್ಲ್ಯಾಶ್ ಆಫ್ ಮಾಡಿ, ಕಾಲು ತಾಸಿಗೊಂದು ಫೋಟೊ ತೆಗೆಯುವಂತೆ ಇಡಿ. ಗೋಡೆ ಗಡಿಯಾರವೂ ಫೋಟೊದಲ್ಲಿ ಬರಲಿ. ಬಾಗಿಲು ತೆರೆಯುವುದು ನೀರು ಹಾಕಲು ಮಾತ್ರ, ಅದೂ ದಿನಾ ಒಂದೇ ಹೊತ್ತಿಗೆ ಬೇಡ.

ಲೆಕ್ಕ ಸುಲಭ. ಎಲೆ ಅತಿ ಕೆಳಗೆ ಬಂದ ಹೊತ್ತು ಹಿಡಿಯಿರಿ. ನನ್ನ ಒಂದು ಚಿತ್ರಾ ಸಸಿ ಮೊದಲ ರಾತ್ರಿ 11ಕ್ಕೆ ತಳ ಮುಟ್ಟಿತು. ಎರಡು ಸುತ್ತು ಮುಗಿದಾಗ ಬೆಳಗಿನ ಜಾವ ನಾಲ್ಕೂವರೆ ಆಗಿತ್ತು. ಒಟ್ಟು 53 ತಾಸು 30 ನಿಮಿಷ. ಅರ್ಧ ಮಾಡಿದರೆ ಒಂದು ಸುತ್ತಿಗೆ ಹೆಚ್ಚುಕಡಿಮೆ 26 ತಾಸು 45 ನಿಮಿಷ. ಪಕ್ಕದ ಕೆಂಪು ರಾಜ್ಮಾ ಹನ್ನೊಂದೂವರೆಗೆ ಶುರು ಮಾಡಿ ಎರಡು ಗಂಟೆಗೇ ಮುಗಿಸಿತು. ಅಂದರೆ ಸುತ್ತಿಗೆ 25 ತಾಸು 15 ನಿಮಿಷ. ಒಂದೇ ಬಲ್ಬಿನ ಕೆಳಗೆ, ಒಂದೇ ಮಣ್ಣಿನಲ್ಲಿ! ಮೂರನೆಯ ರಾತ್ರಿ ಒಂದು ಎಲೆ ಮೇಲೆದ್ದು ನಿಂತಿತ್ತು, ಇನ್ನೊಂದು ಇನ್ನೂ ಜೋತು ಬಿದ್ದಿತ್ತು. ಮಕ್ಕಳು ಫೋಟೊಗಳನ್ನು ಹಿಂದೆ ಮುಂದೆ ಮಾಡಿ ನೋಡಿದ್ದೇ ನೋಡಿದ್ದು.

ಈ ವ್ಯತ್ಯಾಸ ಸುಮ್ನೆ ಬಂದದ್ದಲ್ಲ. ಅರಾಬಿಡಾಪ್ಸಿಸ್ ಅನ್ನುವ ಸಾಸಿವೆ ಕುಟುಂಬದ ಪುಟ್ಟ ಗಿಡ ಇದೆ. ಬೇರೆ ಬೇರೆ ಊರುಗಳಿಂದ ತಂದ ಅದರ 150 ಬಗೆಗಳನ್ನು ಅಳೆದ ಫಲಿತಾಂಶ 2003ರಲ್ಲಿ ಬಂತು. ಉತ್ತರಕ್ಕೆ ಹೋದಷ್ಟೂ ಗಡಿಯಾರ ನಿಧಾನವಾಗುವ ಒಲವು ಕಂಡಿತು. ಅಲ್ಲಿ ಬೇಸಿಗೆಯ ಹಗಲು ಬಹಳ ಉದ್ದ. ನಮ್ಮ ಕೊಪ್ಪಳದಲ್ಲಿ ಜೂನ್ ಹಗಲು ಸುಮಾರು 13 ತಾಸು, ಡಿಸೆಂಬರಿನದು 11 ತಾಸು ಚಿಲ್ಲರೆ, ಅಷ್ಟೇ. ನಾವು ಬೆಳೆಯುವ ಟೊಮೆಟೊದ ಗಡಿಯಾರವೂ ಅದರ ಕಾಡು ನೆಂಟರಿಗಿಂತ ನಿಧಾನ ಅಂತ 2016ರಲ್ಲಿ ಗೊತ್ತಾಯಿತು. ಹಾಗಾಗಿ ದೂರದ ಊರಿನ ಬೀಜ ತರುವಾಗ ಮಳೆ, ಮಣ್ಣಿನ ಜೊತೆಗೆ ಅಲ್ಲಿನ ಹಗಲು ಎಷ್ಟು ಉದ್ದ ಅಂತಲೂ ಕೇಳಿ ಅನ್ನುತ್ತೇನೆ ನಾನು.

ಅಳತೆ ಮುಗಿದ ಮೇಲೆ ಸಸಿಗಳನ್ನು ಎಸೆಯಬೇಡಿ. ಎರಡು ದಿನ ನೆರಳಿನಲ್ಲಿಟ್ಟು ಆಮೇಲೆ ನೆಲಕ್ಕೆ ಹಚ್ಚಿ. ಪ್ರತಿ ಗಿಡದ ಪಕ್ಕ ಕಡ್ಡಿ ನೆಟ್ಟು ಅದರ ತಾಸು ಬರೆಯಿರಿ. ಜರ್ಮನಿಯ ಸಸ್ಯವಿಜ್ಞಾನಿ ಬ್ಯುನಿಂಗ್ 1930ರ ದಶಕದಲ್ಲಿ ಬೇಗದ ಗಡಿಯಾರದ ಬೀನ್ಸ್, ನಿಧಾನ ಗಡಿಯಾರದ ಬೀನ್ಸ್ ಎರಡನ್ನೂ ಸಂಕರ ಮಾಡಿ ಬೆಳೆಸಿದ. ಮರಿಗಳ ಗಡಿಯಾರ ಎರಡರ ನಡುವೆ ಬಂತು. ನಿಮ್ಮ ಗಿಡದ ಕಾಯಿ ಒಣಗಿದ ಮೇಲೆ ಕಾಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ, ಮೇಲೆ ತಾಯಿಗಿಡದ ತಾಸು ಬರೆದಿಡಿ. ಮುಂದಿನ ಡಿಸೆಂಬರಿಗೆ ಅದನ್ನೇ ಊರಿ, ಅದೇ ಕೋಣೆಯಲ್ಲಿ ಮತ್ತೆ ಅಳೆಯಿರಿ.